ತಿವೊಲ್ಲೆಯವರ ‘ತಿನ್ನಬಹುದು’

ತಿವೊಲ್ಲೆಯವರ ಹೆಸರು ನನ್ನ ಕಿವಿಗೆ ಮೊದಲು ಬಿದ್ದದ್ದು ನನ್ನತ್ತೆ ಅಳುತ್ತಿದ್ದ ದಿನ. ಕೆರೆಗಳ ಸೀಮೆಯಾದ ದೋಂಬಿನಿಂದ ಲಿಯೋನ್ ಊರಿಗೆ ಸೊಸೆಯಾಗಿ ಬಂದು, ನಮ್ಮ ಊಟದ ಮನೆಯ ಒಲೆಯ ಬಿಸಿ ಯಾವ ಮೂಲೆಯಲ್ಲಿ ಹೆಚ್ಚು ಎಂಬುದೂ ನನಗಿನ್ನೂ ತಿಳಿಯದ ಕಾಲ ಅದು. ಒಂದು ಬೆಳಿಗ್ಗೆ ಅಡುಗೆಮನೆಗೆ ಹೋದರೆ, ಊರೆಲ್ಲ ಬೆನ್ವಾತ್ತಮ್ಮ ಎಂದು ಕರೆದು ಹೆದರುತ್ತಿದ್ದ ಆ ಹೆಂಗಸು, ಬೋಟಿ ತೊಳೆಯುವ ತೊಟ್ಟಿಯ ಮುಂದೆ ನಿಂತು ಏಪ್ರನ್ನಿನ ತುದಿಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು.

“ಏನಾಯ್ತು ಅತ್ತೆ?”

“ನಿನ್ನೆ ತಿವೊಲ್ಲೆ ಬಂದಿದ್ದ ಕಣೇ. ಕೆನೆಲ್ ತಿಂದ. ‘ತಿನ್ನಬಹುದು’ ಅಂದ.”

ನನಗೆ ಮೈಯೆಲ್ಲ ಉರಿದುಹೋಯಿತು. ಕೆನೆಲ್ ಎಂದರೆ ಸುಮ್ಮನೆ ಆಗುವ ಅಡುಗೆಯಲ್ಲ. ಹೊಳೆಮೀನಿನ ಮುಳ್ಳನ್ನೆಲ್ಲ ಆರಿಸಿ, ಆ ತಿರುಳನ್ನು ಬೆಣ್ಣೆ ಮೊಟ್ಟೆ ಹಿಟ್ಟಿನೊಂದಿಗೆ ತೋಳು ಬೀಳುವ ತನಕ ಕಡೆದು, ಹೊಳೆಸಿಗಡಿಯ ಗೊಜ್ಜಿನಲ್ಲಿ ಉಬ್ಬುವಂತೆ ಬೇಯಿಸಬೇಕು. “ಅಷ್ಟೇನಾ? ಯಾವನವನು ಅಷ್ಟು ದೊಡ್ಡ ಮನುಷ್ಯ? ಬರಲಿ ಇನ್ನೊಂದು ಸಲ, ನಾನೇ ಬಡಿಸ್ತೀನಿ!”

ಅತ್ತೆ ಅಳು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಅಯ್ಯೋ ನನ್ನ ಹಳ್ಳಿಗುಗ್ಗೇ! ಇಷ್ಟು ವರ್ಷದಿಂದ ಇಲ್ಲಿ ಉಣ್ತಿದ್ದಾನೆ, ಒಂದು ದಿನ ಬಾಯಿ ಬಿಟ್ಟಿರಲಿಲ್ಲ. ಕೋಟು ಹಾಕ್ಕೊಂಡು ಹೋಗೋನು. ನಿನ್ನೆ ಬಾಯಿ ಬಿಟ್ಟ. ಸಂತೋಷಕ್ಕೂ ಅಳಬಾರದೇನೇ?”

ನಮ್ಮೂರಿನವರಿಗೆ ಹೊಗಳಲು ನಾಲಿಗೆ ಏಳುವುದಿಲ್ಲ. ‘ಪರವಾಗಿಲ್ಲ’ ಅಂದರೆ ಚೆನ್ನಾಗಿದೆ ಎಂದು ತಿಳಿಯಬೇಕು, ‘ಕೆಟ್ಟದ್ದೇನಲ್ಲ’ ಅಂದರೆ ಹಬ್ಬ ಮಾಡಬೇಕು. ಅಂಥ ಊರಿನಲ್ಲೂ ತಿವೊಲ್ಲೆಯವರ ‘ತಿನ್ನಬಹುದು’ ಅಪರೂಪದ ಮಾತಾಗಿತ್ತು. ಅದು ಬಿದ್ದ ಮನೆಯ ಅಡುಗೆಯವಳು ಆ ವಾರವೆಲ್ಲ ಸಂತೆಯಲ್ಲಿ ಸ್ವಲ್ಪ ತಲೆಯೆತ್ತಿಯೇ ನಡೆಯುತ್ತಿದ್ದಳು.

ಆಂಥೆಲ್ಮ್ ತಿವೊಲ್ಲೆ ಪೆರಾಶ್ ರೈಲು ನಿಲ್ದಾಣದ ಪಕ್ಕದ ಒಂದು ಸಣ್ಣ ವಸತಿಗೃಹದಲ್ಲಿ, ಕೋಣೆಗಳ ಬೀಗದಕೈ ಕೊಡುವ ಮೇಜಿನ ಹಿಂದೆ ಕೂರುತ್ತಿದ್ದರು. ಎರಡು ಮೂರು ದಿನಕ್ಕೆಂದು ಊರು ನೋಡಲು ಬಂದವರು ಪೆಟ್ಟಿಗೆ ಕೆಳಗಿಟ್ಟು ಕೇಳುವುದು ಎರಡೇ ಮಾತು: ಎಲ್ಲಿ ಉಣ್ಣಬೇಕು, ಏನು ನೋಡಬೇಕು. ಎಲ್ಲ ಊರುಗಳಲ್ಲೂ ಎಲ್ಲರೂ ಕೇಳುವ ಮಾತುಗಳೇ. ಆದರೆ ಅವಕ್ಕೆ ಉತ್ತರ ಕೊಡುವುದನ್ನು ಅವರು, ಪಾದ್ರಿ ಪಾಪನಿವೇದನೆ ಕೇಳುವಷ್ಟು ಗಾಂಭೀರ್ಯದಿಂದ ಮಾಡುತ್ತಿದ್ದರು. ಬಂದವರ ಮುಖ ನೋಡುವರು, ಬೂಟು ನೋಡುವರು, “ನಿನ್ನೆ ಏನು ಉಂಡಿರಿ?” ಎಂದು ಕೇಳುವರು. ಆಮೇಲೆಯೇ ಒಂದು ಬೀದಿಯ ಹೆಸರು ಬಾಯಿಂದ ಬರುವುದು. ಆ ತಿಂಗಳು ತಾವು ಸ್ವತಃ ಉಣ್ಣದ ಮನೆಯ ಹೆಸರನ್ನು ಅವರು ಯಾರಿಗೂ ಹೇಳಿದವರಲ್ಲ. ರಜೆಯ ದಿನಗಳೆಲ್ಲ ಅದಕ್ಕೇ ಸಂದುಹೋಗುತ್ತಿದ್ದವು. ಮದುವೆ ಯಾಕಾಗಲಿಲ್ಲವೆಂದು ಒಮ್ಮೆ ನನ್ನ ಗಂಡ ಫ್ಲೂರಿ ಕೇಳಿದ್ದಕ್ಕೆ, “ದಿನಾ ಒಬ್ಬಳ ಕೈಯಡುಗೆಯನ್ನೇ ಉಂಡರೆ ಉಳಿದವರಿಗೆ ನ್ಯಾಯ ಸಿಗಲ್ಲಪ್ಪಾ” ಎಂದಿದ್ದರು. ತಮಾಷೆಯೋ ನಿಜವೋ ಮುಖ ನೋಡಿ ಹೇಳುವ ಹಾಗಿರಲಿಲ್ಲ.

ಅವರ ನಡಿಗೆಯನ್ನು ಒಮ್ಮೆ ನೋಡಿದವರು ಮರೆಯುವಂತಿಲ್ಲ. ಬಲಭುಜವನ್ನು ಮುಂದೆ ಚಾಚಿ, ದೇಹವನ್ನು ಓರೆಮಾಡಿ, ಎದುರಿನಿಂದ ಯಾರೋ ಬರುತ್ತಿದ್ದಾರೆ, ಅವರಿಗೆ ದಾರಿ ಬಿಡಬೇಕು ಎಂಬ ಹಾಗೆ ನಡೆಯುವರು. ಅವರಪ್ಪ ಕ್ರುವಾ-ರೂಸ್ ಗುಡ್ಡದ ರೇಷ್ಮೆ ನೇಕಾರ. ಅಲ್ಲಿ ಮನೆಗಳ ಹೊಟ್ಟೆಯೊಳಗಿಂದಲೇ ಹಾಯ್ದು ಇನ್ನೊಂದು ಬೀದಿಗೆ ಬೀಳುವ ಇಕ್ಕಟ್ಟಿನ ಓಣಿಗಳಿವೆ. ಮಳೆಯಲ್ಲಿ ರೇಷ್ಮೆ ನೆನೆಯದಂತೆ ಹೊತ್ತು ಸಾಗಿಸುವ ದಾರಿಗಳು. ಚಿಕ್ಕಂದಿನಲ್ಲಿ ಹೆಗಲ ಮೇಲೆ ರೇಷ್ಮೆಯ ಸುರುಳಿ ಹೊತ್ತು ಅಲ್ಲಿ ಓಡಾಡಿದ ದೇಹ, ಮುಂದೆ ಬೆಲ್‌ಕೂರಿನಂಥ ವಿಶಾಲ ಮೈದಾನ ದಾಟುವಾಗಲೂ ಗೋಡೆಗಳನ್ನು ಮರೆಯಲೇ ಇಲ್ಲ. ಆ ಓಣಿಗಳನ್ನು ನೋಡಲು ಜನರನ್ನು ಕಳಿಸುವಾಗ “ಮೆಲ್ಲಗೆ ಮಾತಾಡಿ. ಒಳಗೆ ಯಾರದೋ ಮಗು ಮಲಗಿರುತ್ತೆ” ಎಂದು ಹೇಳದೆ ಬಿಟ್ಟವರಲ್ಲ.

ಇನ್ನು ಅವರ ಕೋಟು. ಒಣಗಿದ ಚೆಸ್ಟ್‌ನಟ್ ಎಲೆಯ ಬಣ್ಣದ ದಪ್ಪ ಉಣ್ಣೆಯ ಕೋಟು. ಬೇಸಿಗೆಯಲ್ಲಿ ತೋಳಿನ ಮೇಲಾದರೂ ಇರಲೇಬೇಕು. ಅದರ ಗುಂಡಿಗಳಲ್ಲಿ ಒಂದರ ಹಾಗೆ ಇನ್ನೊಂದಿರಲಿಲ್ಲ. ಗುಂಡಿ ಕಿತ್ತುಹೋದದ್ದು ಯಾವ ಅಡುಗೆಯವಳ ಕಣ್ಣಿಗೆ ಬೀಳುತ್ತಿತ್ತೋ, ಅವಳು ತನ್ನ ಮನೆಯಲ್ಲಿದ್ದ ಗುಂಡಿಯನ್ನೇ ಹೊಲಿದು ಕಳಿಸುತ್ತಿದ್ದಳು. ಎಲ್ಲಕ್ಕಿಂತ ಕೆಳಗಿನ ಕಪ್ಪು ಗುಂಡಿ ನಾನು ಹೊಲಿದದ್ದು.

ಪ್ಯಾರಿಸಿನವರೆಂದರೆ ಮಾತ್ರ ಅವರೊಳಗಿನ ತುಂಟತನ ಸ್ವಲ್ಪ ಹೊರಬರುತ್ತಿತ್ತು. ಒಬ್ಬ ಗೃಹಸ್ಥ ಬಂದು, ಈ ಊರಿನ ಅತ್ಯುತ್ತಮ ಊಟ ಎಲ್ಲಿ ಸಿಗುತ್ತದೆ, ಎರಡನೆಯದು ತನಗೆ ಬೇಡ ಎಂದನಂತೆ. “ಎದುರಿಗೆ ಫೂರ್ವಿಯೇರ್ ಗುಡ್ಡ ಇದೆ. ಮೇಲೆ ಚರ್ಚಿದೆ, ಊರೆಲ್ಲ ಕಾಣುತ್ತೆ. ಮೆಟ್ಟಿಲು ಹತ್ತಿ ಹೋಗಿ ಇಳಿದು ಬನ್ನಿ. ಇಳಿದ ಮೇಲೆ ಯಾವ ಬಾಗಿಲು ಮೊದಲು ಸಿಗುತ್ತೋ ಅದೇ ಅತ್ಯುತ್ತಮ” ಎಂದರಂತೆ ಇವರು. ನಮ್ಮ ಅಡುಗೆಮನೆಯಲ್ಲಿ ಇದನ್ನು ಹೇಳಿ, ನಾವೆಲ್ಲ ನಗುತ್ತಿದ್ದರೆ ತಾವು ಮಾತ್ರ ನಗದೆ, “ಹಸಿವನ್ನ ನಾನು ಬಡಿಸಿದ್ದೀನಿ. ಉಳಿದದ್ದನ್ನ ನೀವು ಬಡಿಸಿ” ಎಂದು ಎದ್ದುಹೋದರು.

ದುಃಖದಲ್ಲಿದ್ದವರೊಡನೆ ಅವರ ರೀತಿಯೇ ಬೇರೆ. ಒಮ್ಮೆ ಒಬ್ಬ ಮುದುಕರನ್ನು ಕೈಹಿಡಿದು ನಮ್ಮಲ್ಲಿಗೆ ಕರೆತಂದರು. ಆತ ಮದುವೆಯಾದ ಹೊಸತರಲ್ಲಿ ಹೆಂಡತಿಯೊಡನೆ ಬಂದು ಹಸಿರು ಬಾಗಿಲಿನ ಒಂದು ಮನೆಯಲ್ಲಿ ಉಂಡಿದ್ದರಂತೆ. ಹೆಂಡತಿ ತೀರಿಕೊಂಡ ಮೇಲೆ ಅದೇ ಮೇಜಿನಲ್ಲಿ ಒಮ್ಮೆ ಕೂರಬೇಕೆಂದು ಅಷ್ಟು ದೂರದಿಂದ ಬಂದಿದ್ದರು. ಬೇರೆ ಯಾರಾದರೂ ಆಗಿದ್ದರೆ ಯಾವುದೋ ಒಂದು ಹಸಿರು ಬಾಗಿಲು ತೋರಿಸಿ ಪುಣ್ಯ ಕಟ್ಟಿಕೊಳ್ಳುತ್ತಿದ್ದರು. ತಿವೊಲ್ಲೆಯವರು ಆತನನ್ನು ಕೂರಿಸಿ, ಎದುರು ತಾವೂ ಕೂತು, “ಆ ಮನೆ ಈಗ ಚಪ್ಪಲಿ ಅಂಗಡಿ ಆಗಿದೆ. ಆ ಅಡುಗೆಯೂ ಹೋಯಿತು. ಇದು ಬೇರೆ ಊಟ. ಹಸಿವಾಗಿದ್ದರೆ ಉಣ್ಣಿ” ಎಂದರು. ಆತ ಬಹಳ ಹೊತ್ತು ಚಮಚ ಮುಟ್ಟಲಿಲ್ಲ. ಕೊನೆಗೆ ಉಂಡರು. ಆಮೇಲೆ ಇಬ್ಬರೂ ಎದ್ದು ನದಿಗಳು ಕೂಡುವ ಕಡೆಗೆ ಹೋದರು. ಅಲ್ಲಿ ಮಂದಗಮನದ ಹಸಿರು ಸೋನ್ ನದಿಯೂ, ಅವಸರದ ರೋನ್ ನದಿಯೂ ಒಂದೇ ಪಾತ್ರದಲ್ಲಿ ಬಹುದೂರ ಬೆರೆಯದೆ ಅಕ್ಕಪಕ್ಕ ಹರಿಯುತ್ತವೆ. ನೊಂದವರನ್ನು ಅವರು ಕಳಿಸುತ್ತಿದ್ದದ್ದು ಅಲ್ಲಿಗೇ. ಅಲ್ಲಿ ಏನು ನೋಡಬೇಕೆಂದು ಮಾತ್ರ ಹೇಳುತ್ತಿರಲಿಲ್ಲ.

ಅತ್ತೆ ಕಾಲವಾದ ಮೇಲೆ ಒಲೆ ನನ್ನ ಕೈಗೆ ಬಂತು, ಜನ ನನ್ನನ್ನೂ ಪೆರ್ನೆತ್ತಮ್ಮ ಎನ್ನತೊಡಗಿದರು. ಸೋಮವಾರ ಬೆಳಗಿನ ಊಟಕ್ಕೆ ತಿವೊಲ್ಲೆಯವರು ತಪ್ಪುತ್ತಿರಲಿಲ್ಲ. ನೇಕಾರರು ನಸುಕಿನಿಂದ ಮಗ್ಗದಲ್ಲಿ ದುಡಿದು, ಬಿಸಿಲೇರುವ ಮೊದಲೇ ಬೋಟಿ, ಸಾಸೇಜು, ವೈನಿನೊಂದಿಗೆ ಹೊಟ್ಟೆತುಂಬ ಉಣ್ಣುತ್ತಿದ್ದ ಪದ್ಧತಿ ಅದು. ಮಗ್ಗ ಹೋದರೂ ಊಟ ಉಳಿದಿದೆ.

ಒಂದು ಡಿಸೆಂಬರಿನಲ್ಲಿ, ಮನೆಮನೆಯ ಕಿಟಕಿಯಲ್ಲೂ ಹಣತೆ ಹಚ್ಚಿಡುವ ದೀಪದ ಹಬ್ಬದ ದಿನ, ಅತಿಥಿಗಳೊಂದಿಗೆ ಚಳಿಯಲ್ಲಿ ತಿರುಗಿ ಅವರು ಜ್ವರ ಹಿಡಿದು ಮಲಗಿದರು. ಎದ್ದು ಓಡಾಡತೊಡಗಿ ಕೆಲವು ವಾರಗಳಾಗಿರಬೇಕು. ಆ ಸೋಮವಾರ ನನ್ನ ಗೊಜ್ಜು ತಳ ಹತ್ತಿತು. ಎಸೆಯಲೆಂದು ಪಕ್ಕಕ್ಕಿಟ್ಟ ಕೆನೆಲನ್ನೇ, ಬಡಿಸುವ ಕ್ಲೇಲಿ ತಿಳಿಯದೆ ಒಯ್ದು ಅವರ ಮುಂದಿಟ್ಟಿದ್ದಳು. ನಾನು ಓಡಿಬರುವಷ್ಟರಲ್ಲಿ ಅವರು ತಟ್ಟೆಯನ್ನು ಬ್ರೆಡ್ಡಿನಿಂದ ನೀಟಾಗಿ ಒರೆಸಿ ಮುಗಿಸಿದ್ದರು. ತಲೆಯೆತ್ತಿ, ಇಡೀ ಕೋಣೆಗೆ ಕೇಳುವ ಹಾಗೆ, “ಅದ್ಭುತ, ಪೆರ್ನೆತ್ತಮ್ಮ! ಬಹಳ ಸೊಗಸಾಗಿತ್ತು” ಎಂದರು.

ಮೇಜುಮೇಜಿನಲ್ಲೂ ಚಮಚಗಳು ನಿಂತವು. ಪಕ್ಕದಲ್ಲಿದ್ದ ಕಸಾಯಿ ಗಾಸ್ಪಾರ್ ಬಾಯಲ್ಲಿದ್ದದ್ದನ್ನು ನುಂಗಿ, “ಏನಮ್ಮಾ, ಅದೇನು ಹಾಕಿದ್ರಿ ಗೊಜ್ಜಿಗೆ? ತಿವೊಲ್ಲೆ ಬಾಯಲ್ಲಿ ಅದ್ಭುತ ಬಂತಲ್ಲ! ನಂಗೂ ಅದೇ ಪಾತ್ರೆಯಿಂದ ಒಂದು ತಟ್ಟೆ ಕೊಡಿ” ಎಂದ. ಎಲ್ಲರೂ ನಕ್ಕರು. ನಾನು ಮಾತ್ರ ಒಳಗೆ ಹೋಗಿ ಆ ಪಾತ್ರೆಯಲ್ಲಿ ಉಳಿದದ್ದನ್ನು ಹಿತ್ತಿಲಿಗೆ ಸುರಿದೆ.

ಜನ ಚದುರಿದ ಮೇಲೆ ಅವರೆದುರು ಕೂತೆ. “ಯಾವಾಗಿಂದ, ತಿವೊಲ್ಲೆಯವರೇ?”

ಅವರು ಏನೂ ಅರಿಯದವರಂತೆ ನಟಿಸಲಿಲ್ಲ. “ಆ ಜ್ವರದಿಂದ. ಮೊದಲು ವಾಸನೆ ಹೋಯಿತು, ಆಮೇಲೆ ರುಚಿ. ಬರುತ್ತೆ ಅಂದ್ಕೊಂಡೆ.”

“ಸೀದುಹೋಗಿತ್ತು. ನಾಯಿಗೂ ಹಾಕೋ ಹಾಗಿರಲಿಲ್ಲ.”

“ಹೌದಾ?” ಎಂದು ಬರಿದಾದ ತಟ್ಟೆಯನ್ನು ಮೂಗಿನ ಹತ್ತಿರ ಹಿಡಿದು ನೋಡಿದರು.

“ಸುಮ್ಮನೆ ಎದ್ದು ಹೋಗಬಹುದಿತ್ತಲ್ಲ? ಅದ್ಭುತ ಅಂತ ಯಾಕಂದ್ರಿ?”

“ಇಷ್ಟು ವಾರ ಸುಮ್ಮನೇ ಹೋದೆ. ಪ್ರತಿ ಸೋಮವಾರವೂ ಹಾಗೇ ಹೋದರೆ ಚೆನ್ನಾಗಿರಲಿಲ್ಲ ಅಂತಾಗುತ್ತೆ, ನೀವು ಕೊರಗ್ತೀರಿ. ‘ತಿನ್ನಬಹುದು’ ಅಂದರೆ ಸಾಕ್ಷಿ ನುಡಿದ ಹಾಗೆ. ನಾಲಿಗೆ ಕಾಣದ್ದಕ್ಕೆ ಸಾಕ್ಷಿ ಹೇಗೆ ನುಡಿಯಲಿ? ಅದ್ಭುತ ಅನ್ನೋದು ಯಾರು ಬೇಕಾದರೂ ಹೇಳೋ ಮಾತು. ಅದರಿಂದ ಯಾರೂ ಮೋಸ ಹೋಗಲ್ಲ.”

ವಸತಿಗೃಹಕ್ಕೆ ಬಂದವರಿಗೆ ಏನು ಹೇಳುತ್ತಿದ್ದೀರೆಂದು ಕೇಳಿದೆ. ಜ್ವರಕ್ಕೆ ಮುಂಚೆ ಉಂಡ ಮನೆಗಳನ್ನು ಆ ತಿಂಗಳು ಮುಗಿಯುವ ತನಕ ಹೇಳಿದರಂತೆ. ಈಗ ಏನು ನೋಡಬೇಕೆಂದಷ್ಟೇ ಹೇಳುತ್ತಿದ್ದರು. ಊಟದ ಮಾತು ಬಂದರೆ, “ನನಗೆ ತಿಳಿಯದು” ಎನ್ನುತ್ತಿದ್ದರು. ಆ ಮೇಜಿನ ಹಿಂದೆ ಕೂತು, ಈ ಊರಿನಲ್ಲಿ, ಆ ಮನುಷ್ಯ!

ವಸತಿಗೃಹದ ಒಡತಿ ಮದಾಮ್ ಬೆರೂಜೋನ್ ಒಂದು ದಿನ ನಮ್ಮ ಹಿತ್ತಿಲ ಬಾಗಿಲಿಗೇ ಬಂದಳು. “ನೀವಾದರೂ ಬುದ್ಧಿ ಹೇಳಿ. ಜನ ಇಲ್ಲಿಗೆ ಬರೋದೇ ಉಣ್ಣೋಕೆ. ಅವೇ ಹಳೇ ಹೆಸರುಗಳನ್ನ ಹೇಳ್ಕೊಂಡು ಹೋದರೆ ಯಾರಿಗೆ ಗೊತ್ತಾಗುತ್ತೆ? ಹೀಗೇ ಆದರೆ ಬೇರೆಯವರನ್ನ ಕೂರಿಸಬೇಕಾಗುತ್ತೆ.” ಅವಳು ಕೆಟ್ಟವಳಲ್ಲ, ಅವಳ ಕಷ್ಟ ಅವಳಿಗೆ. ನನಗೂ ಭಯವಾಯಿತು. ಹೆಂಡತಿ ಮಕ್ಕಳಿಲ್ಲ, ಆ ಮೇಜು ತಪ್ಪಿದರೆ ಇವರಿಗೆ ಇನ್ನೇನಿದೆ? ಮುಂದಿನ ಸೋಮವಾರ ಅವರಿಗೆ ಹೇಳಿದೆ: “ನಿಮ್ಮ ಬದಲು ನಾನು ಹೋಗಿ ಉಂಡು ಬರ್ತೀನಿ. ಬಂದು ನಿಮಗೆ ಹೇಳ್ತೀನಿ. ನೀವು ಅವರಿಗೆ ಹೇಳಿ.”

ಅವರ ಮುಖದಲ್ಲಿ ನಗೆಯಂಥದ್ದೇನೋ ಹಾದುಹೋಯಿತು. “ಇನ್ನೊಬ್ಬಳ ಅಡುಗೆಗೆ ನ್ಯಾಯ ಹೇಳೋ ಅಡುಗೆಯವಳನ್ನ ನಾನಿನ್ನೂ ಕಂಡಿಲ್ಲ, ಪೆರ್ನೆತ್ತಮ್ಮ. ತನ್ನದಕ್ಕಂತೂ ಮೊದಲೇ ಇಲ್ಲ. ನಿಮ್ಮ ನಾಲಿಗೆ ನಿಮ್ಮ ಕೈಗೆ ನೆಂಟ.”

ಈಸ್ಟರ್ ಹಬ್ಬಕ್ಕೆ ಮುಂಚೆ ತಾವಾಗಿಯೇ ಬೀಗದಕೈಗಳನ್ನು ಒಪ್ಪಿಸಿ ಹೊರಬಂದರು. ಆಮೇಲೆ ಒಡತಿ ಆ ಮೇಜಿನ ಮೇಲೆ ಊಟದ ಮನೆಗಳ ಬಣ್ಣದ ಜಾಹೀರಾತು ಕಾಗದಗಳನ್ನು ಜೋಡಿಸಿಟ್ಟಳೆಂದು ಕೇಳಿದೆ. ಪ್ರತಿ ಕಾಗದದಲ್ಲೂ ‘ಅದ್ಭುತ’ ಇತ್ತು.

ಸೋಮವಾರ ಮಾತ್ರ ಬಿಡಲಿಲ್ಲ. ಅದೇ ಮೂಲೆ, ಅದೇ ಕೋಟು. ಈಗ ಪಕ್ಕದವರನ್ನು ಕೇಳುವ ಹೊಸ ಚಾಳಿ ಹತ್ತಿತ್ತು. “ಹೇಗಿದೆ?”

“ಪರವಾಗಿಲ್ಲ” ಎನ್ನುವನು ಗಾಸ್ಪಾರ್.

“ಪರವಾಗಿಲ್ಲ ಅಂದರೆ? ಬೆಣ್ಣೆ ಮೊದಲು ಬರುತ್ತಾ, ಸಿಗಡಿ ಮೊದಲು ಬರುತ್ತಾ?”

“ಮಾರಾಯಾ ತಿವೊಲ್ಲೆ, ನಾನು ಉಣ್ಣೋಕೆ ಬಂದಿದ್ದೀನಿ, ಪರೀಕ್ಷೆ ಬರೆಯೋಕಲ್ಲ!”

ಆದರೂ ಗಾಸ್ಪಾರ್ ಕಣ್ಣುಮುಚ್ಚಿ ಅಗಿದು, ಯೋಚಿಸಿ, ಬೆಣ್ಣೆಯೋ ಸಿಗಡಿಯೋ ಹೇಳುತ್ತಿದ್ದ. ನನ್ನನ್ನು ಅವರು ಎಂದೂ ಕೇಳಲಿಲ್ಲ. ‘ತಿನ್ನಬಹುದು’ ಎಂಬ ಮಾತೂ ಮತ್ತೆ ಅವರ ಬಾಯಿಂದ ಬರಲಿಲ್ಲ.

ಪ್ರತಿ ಊರಿನಲ್ಲೂ ಇಂಥವರು ಒಬ್ಬರೋ ಇಬ್ಬರೋ ಇರುತ್ತಾರೆಂದು ಕಾಣುತ್ತದೆ. ಬಂದವರಿಗೂ ಊರಿಗೂ ನಡುವಿನ ಹೊಸ್ತಿಲಲ್ಲಿ ಬದುಕೆಲ್ಲ ನಿಂತು, ಇತ್ತ ಹೋಗಿ ಅತ್ತ ಹೋಗಿ ಎಂದು ಕೈತೋರುತ್ತಾ, ತಮ್ಮದೆನ್ನುವ ಒಂದು ಮೇಜನ್ನೂ ಮಾಡಿಕೊಳ್ಳದೆ ಹೋಗುವವರು. ಅಪರಿಚಿತನೊಬ್ಬ ತಮ್ಮ ಮಾತು ನಂಬಿ ಯಾವುದೋ ಬಾಗಿಲು ತಟ್ಟುತ್ತಾನೆ, ಅಲ್ಲಿ ಅವನು ನಿರಾಶನಾಗಬಾರದು, ಇಷ್ಟೇ ಅವರ ಧರ್ಮ. ಆ ಸಣ್ಣ ಮಾತಿನ ತೂಕ ಕೆಡಬಾರದೆಂದು ಅವರು ಬಿಟ್ಟುಕೊಡುವುದು ಎಷ್ಟೆಂದು, ಉಂಡು ಹೋದವರಿಗೆ ತಿಳಿಯುವುದೇ ಇಲ್ಲ.

ಕೆಲವು ಚಳಿಗಾಲ ಕಳೆದವು. ಫ್ಲೂರಿ ತೀರಿಕೊಂಡರು. ತಿವೊಲ್ಲೆಯವರು ಆಸ್ಪತ್ರೆ ಸೇರಿದರೆಂದು ಕೇಳಿ, ಕೆನೆಲನ್ನು ಮಣ್ಣಿನ ಪಾತ್ರೆಯಲ್ಲಿ ಬೇಯಿಸಿ, ಬಿಸಿ ಆರದಂತೆ ಬಟ್ಟೆ ಸುತ್ತಿ ಒಯ್ದೆ. ಬಾಗಿಲ ಹಿಂದಿನ ಮೊಳೆಯಲ್ಲಿ ಕೋಟು ತೂಗುತ್ತಿತ್ತು, ಕೆಳಗೆ ನನ್ನ ಕಪ್ಪು ಗುಂಡಿ. “ಅವರಿಗೆ ನುಂಗೋಕಾಗಲ್ಲಮ್ಮ, ವಾಪಸ್ ತಗೊಂಡು ಹೋಗಿ” ಎಂದಳು ನರ್ಸಮ್ಮ. ತಿವೊಲ್ಲೆಯವರು ಕೈಸನ್ನೆಯಿಂದ ಮುಚ್ಚಳ ತೆಗೆಯಲು ಹೇಳಿದರು. ತೆಗೆದೆ. ಆವಿ ಅವರ ಮುಖಕ್ಕೆ ಹಾಯಿತು. ವಾಸನೆ ಸಿಗದೆಂದು ಗೊತ್ತಿದ್ದೂ ಕಣ್ಣುಮುಚ್ಚಿ ಅದರೊಳಗೆ ಸ್ವಲ್ಪ ಹೊತ್ತು ಇದ್ದರು. ಆಮೇಲೆ ಚಮಚವನ್ನು ಮೆಲ್ಲಗೆ ನನ್ನ ಕಡೆಗೆ ತಳ್ಳಿದರು.

“ಒಂದು ತುತ್ತು ನೀವು ತಿನ್ನಿ, ಪೆರ್ನೆತ್ತಮ್ಮ. ಅವಸರ ಬೇಡ. ನನ್ನ ಮುಖ ನೋಡಬೇಡಿ. ತಿಂದು, ನಿಜ ಹೇಳಿ. ತಿನ್ನಬಹುದಾ?”