ಎಡಕ್ಕೆ ಬಿಗಿ, ಬಲಕ್ಕೆ ಸಡಿಲ

ಹತ್ತು ತಿಂಗಳಿಂದ ಪ್ರತಿ ಭಾನುವಾರ ಟೈಲರಮ್ಮ ಶೂಟಿಂಗ್ ಕ್ಲಬ್ಬಿಗೆ ಹೋಗಿ, ಯಂತ್ರ ಚಿಮ್ಮಿಸುವ ಮಣ್ಣಿನ ಬಿಲ್ಲೆಗಳಿಗೆ ಕೋವಿ ಹಿಡಿಯುತ್ತಿದ್ದಳು. ಇಪ್ಪತ್ತೈದರಲ್ಲಿ ಒಂಬತ್ತು ಒಡೆದರೆ ಅದೇ ದೊಡ್ಡದು. ಉಳಿದವು ಅವಳನ್ನು ಅಣಕಿಸುತ್ತ ಹುಲ್ಲಿನ ಮೇಲೆ ಇಡಿಯಾಗಿ ಇಳಿಯುತ್ತಿದ್ದವು. ಜೊತೆಗೆ ಬರುವ ನಾದಿನಿ ಅವನ್ನು ಆರಿಸಿ ತಂದು, "ಒಂದು ಚೂರೂ ಮುಕ್ಕಾಗಿಲ್ಲ ಅತ್ತಿಗೆ, ಮತ್ತೆ ಬಳಸಬಹುದು" ಎನ್ನುತ್ತಿದ್ದಳು.

ಕೋವಿ ಅಪ್ಪನದು, ಜೋಡಿ ನಳಿಗೆಯದು. ಅಪ್ಪ ಅದರಲ್ಲಿ ಗುರಿ ತಪ್ಪಿದ್ದನ್ನು ಕಂಡವರಿಲ್ಲ. ಹಾಗಾಗಿ ತಪ್ಪೆಲ್ಲ ತನ್ನ ಕಣ್ಣಿನದು, ಕೈಯದು, ಐವತ್ತೆರಡು ವಯಸ್ಸಿನದು ಎಂದುಕೊಂಡ ಟೈಲರಮ್ಮ ಒಂದು ದಿನ ಕೋವಿಯನ್ನು ಕೋವಿ ರಿಪೇರಿಯ ಮೇಸ್ತ್ರಿಯ ಅಂಗಡಿಗೆ ಒಯ್ದಳು. "ಯಾರಾದ್ರೂ ಗುರಿ ಬಲ್ಲೋರಿಗೆ ಕೊಟ್ಬಿಡಿ" ಎಂದಳು.

ಮೇಸ್ತ್ರಿಗೆ ಒಂದು ಕಿವಿ ಕೇಳಿಸದು. ಅವನು ಆ ಮಾತು ಕೇಳದವನಂತೆ ನಳಿಗೆಯೊಳಗೆ ಅಳತೆಕಡ್ಡಿ ಇಳಿಸಿದ. ಆಮೇಲೆ ಹಿತ್ತಲಿನ ಮಣ್ಣುಗೋಡೆಗೆ ದೊಡ್ಡ ಹಾಳೆ ಅಂಟಿಸಿ, ಇಪ್ಪತ್ತು ಹೆಜ್ಜೆ ದೂರದಿಂದ ಹೊಡೆಯಲು ಹೇಳಿದ. ಹಾಳೆಯ ನಡುವೆ ಅಂಗೈ ಅಗಲದ ತೂತು ಬಿತ್ತು.

"ನೋಡಿ, ತೋಟೆಯೊಳಗಿನ ಚರೆ, ಆ ಸಣ್ಣ ಗುಂಡೆಲ್ಲ ಹರಡದೆ ಮುದ್ದೆಯಾಗಿ ಹೋಗಿದೆ. ಎರಡು ನಳಿಗೆಗೂ ಬಾಯಿ ಪೂರ್ತಿ ಬಿಗಿ. ನಿಮ್ಮಪ್ಪ ಏನು ಹೊಡೀತಿದ್ರು?"

"ಬಾತುಕೋಳಿ. ಕೆರೆ ಆಚೆ ದಡದ್ದು."

"ಅಷ್ಟು ದೂರಕ್ಕೆ ಇದು ಸರಿ. ಹತ್ತಿರದ ಬಿಲ್ಲೆಗೆ ಇದನ್ನ ಹಿಡಿಯೋದು, ಸೂಜಿಯಲ್ಲಿ ನೊಣ ಚುಚ್ಚೋಕೆ ಹೋದ ಹಾಗೆ. ಬಲಗಡೆ ಬಾಯಿ ಸ್ವಲ್ಪ ಸಡಿಲಿಸೋಣ, ಚರೆ ಹರಡುತ್ತೆ. ಎಡಗಡೇದು ಬಿಗಿಯಾಗೇ ಇರಲಿ, ದೂರಕ್ಕೆ. ಆದರೆ ಒಂದ್ಸಲ ಕೊರೆದ್ರೆ ಮತ್ತೆ ತುಂಬೋಕಾಗಲ್ಲ."

ಟೈಲರಮ್ಮ ನಳಿಗೆಯ ಬಾಯಿಯನ್ನು ಬೆರಳಿನಿಂದ ಸವರಿದಳು. ಅಪ್ಪ ಈ ಕೋವಿಯನ್ನು ಬೇರೆಯವರ ಕೈಗೆ ಒರೆಸಲೂ ಕೊಟ್ಟವರಲ್ಲ. ಆದರೂ ಮೂವತ್ತು ವರ್ಷ ಇನ್ನೊಬ್ಬರ ಬಟ್ಟೆಗೆ ಕತ್ತರಿ ಹಾಕಿದ ಕೈ ಅವಳದು.

"ನಾನು ಎರಡು ಸಲ ಅಳೆದು ಕತ್ತರಿಸ್ತೀನಿ. ನೀವು ಮೂರು ಸಲ ಅಳೀರಿ."

ಮೇಸ್ತ್ರಿ ನಾಲ್ಕು ಸಲ ಅಳೆದ. ಕೂದಲೆಳೆಯಷ್ಟು ಕೊರೆಯುವುದು, ಹಾಳೆಗೆ ಹೊಡೆದು ನೋಡುವುದು, ಮತ್ತೆ ಕೊರೆಯುವುದು. ಆರನೆಯ ಹಾಳೆಯಲ್ಲಿ ಚರೆಗಳು ತಟ್ಟೆಯಷ್ಟಗಲ ಸಮನಾಗಿ ಹರಡಿಕೊಂಡವು. "ಮುಂದಿನ ಟ್ರಿಗರ್ ಬಲಕ್ಕೆ, ಹಿಂದಿನದು ಎಡಕ್ಕೆ. ಮರೀಬೇಡಿ" ಎಂದು ಕೋವಿ ಕೈಗಿಟ್ಟ.

ಭಾನುವಾರ ಮೊದಲ ಬಿಲ್ಲೆ ಚಿಮ್ಮಿತು. ಟೈಲರಮ್ಮ ಮುಂದಿನ ಟ್ರಿಗರ್ ಎಳೆದಳು. ಬಿಲ್ಲೆ ಪುಡಿಪುಡಿ. ಎರಡನೆಯದು ಅದರ ಹಿಂದೆಯೇ ಓಡಿ ದೂರವಾಗುತ್ತಿತ್ತು; ಹಿಂದಿನ ಟ್ರಿಗರ್ ಎಳೆದಳು. ಆಕಾಶದಲ್ಲಿ ಒಂದು ಹಿಡಿ ಕರಿಹೊಗೆ ಉಳಿಯಿತು, ಅಷ್ಟೇ. ಅವಳು ಕೋವಿ ಮಡಚಿ, ಯಾರಾದರೂ ಬೇರೆಯವರು ಹೊಡೆದರೇನೋ ಎಂದು ಹಿಂತಿರುಗಿ ನೋಡಿದಳು. ಕೋವಿ ಹಿಡಿದವರು ಯಾರೂ ಇರಲಿಲ್ಲ. ನಾದಿನಿ ಮಾತ್ರ ಬಾಯಿ ತೆರೆದು ಕೂತಿದ್ದಳು.

ಏಳನೆಯ ಬಿಲ್ಲೆಗೆ ಟೈಲರಮ್ಮನಿಗೆ ನಗು ಶುರುವಾಯಿತು. ತಡೆದಷ್ಟೂ ಉಕ್ಕಿತು. ನಗುವ ಭುಜದ ಮೇಲೆ ಕೋವಿ ಕುಣಿದು ಎರಡು ಬಿಲ್ಲೆ ತಪ್ಪಿದವು, ಅದಕ್ಕೂ ನಕ್ಕಳು. ಕ್ಲಬ್ಬಿನ ತೀರ್ಪುಗಾರರು ಗಂಭೀರವಾಗಿ, "ಅಮ್ಮ, ಬೇಕಾದ್ರೆ ಐದು ನಿಮಿಷ ಕೂತ್ಕೊಂಡು ನಕ್ಕು ಬನ್ನಿ" ಎಂದರು. ಅವಳು ಬೆಂಚಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕು ಬಂದಳು. ಕೊನೆಗೆ ಇಪ್ಪತ್ತೈದಕ್ಕೆ ಇಪ್ಪತ್ತೊಂದು.

"ಅತ್ತಿಗೆ, ನಂಗೂ ಒಂದು ಕೊಡಿ" ಎಂದಳು ನಾದಿನಿ. ಜನ್ಮದಲ್ಲಿ ಕೋವಿ ಮುಟ್ಟಿದವಳಲ್ಲ. ಟೈಲರಮ್ಮ ಹಿಂದೆ ನಿಂತು, ಭುಜ ಹಿಡಿದು, ಹೇಳಿಕೊಟ್ಟಳು. ಬಿಲ್ಲೆ ಹಾರಿತು, ನಾದಿನಿ ಕಣ್ಣು ಗಟ್ಟಿಯಾಗಿ ಮುಚ್ಚಿ ಟ್ರಿಗರ್ ಎಳೆದಳು.

"ಬಿತ್ತಾ?"

"ಬಿತ್ತು ಮಾರಾಯ್ತಿ. ಕಣ್ಣು ಬಿಡು."

ಮನೆಗೆ ಹೋಗುವಾಗ ಕಾರು ನಡೆಸುತ್ತಿದ್ದವಳು ನಾದಿನಿ. ಮಾತಿನ ಭರದಲ್ಲಿ ಮನೆಯ ತಿರುವು ತಪ್ಪಿತು. ಸುತ್ತಿ ಬಂದರು, ಮತ್ತೆ ತಪ್ಪಿತು. ಮೂರನೆಯ ಸಲ ಟೈಲರಮ್ಮನಿಗೆ ತಿರುವು ಕಂಡಿತ್ತು. ಆದರೂ ಅವಳು ತೋರಿಸಲಿಲ್ಲ; ನಾದಿನಿ ಹೇಳುತ್ತಿದ್ದ ತನ್ನ ಮೊದಲ ಬಿಲ್ಲೆಯ ಕಥೆ ಇನ್ನೂ ಮುಗಿದಿರಲಿಲ್ಲ.