ಗುಳಿಗೆ ಬಿಟ್ಟ ಆರನೇ ದಿನ

ವಡಗೇರಾ ಕಡೆ ಭೀಮಾ ದಂಡೆಯ ಒಂದು ಊರು. ಸರಿತಾಳ ಕೂಸಿಗೆ ಇಪ್ಪತ್ತು ದಿನ. ಅದಕ್ಕೆ ಹಾಲು ಕುಡಿಸಿ, ತನ್ನ ಮೂರ್ಛೆರೋಗದ ಗುಳಿಗೆ ನುಂಗಲು ಅವಳು ನೀರಿನ ಚೊಂಬು ಎತ್ತಿದಳು. ಅತ್ತೆ ಸಾಯಬಮ್ಮ ಕೈ ಹಿಡಿದಳು.

"ಆ ಗುಳಿಗಿ ಎದಿಹಾಲಿನ್ಯಾಗ ಇಳೀತದ. ಕೂಸಿಗಿ ವಿಷ ಆಗ್ತದ. ಗುಳಿಗಿ ಬಿಡು, ಇಲ್ಲಾ ಹಾಲು ಬಿಡು."

"ಯಾರ್ ಹೇಳ್ಯಾರ್ರಿ ಅತ್ತಿ?"

"ಯಾರ್ ಹೇಳಬೇಕು? ನಂಗಷ್ಟು ತಿಳೀದಿಲ್ಲೇನು?"

ಸರಿತಾ ಗಂಡನ ಕಡೆ ನೋಡಿದಳು. ಬಸಲಿಂಗ ಮೀನಿನ ಬಲೆ ಹೆಗಲಿಗೇರಿಸಿ, "ಅವ್ವ ಹೇಳಿದಂಗ ಮಾಡು" ಎಂದು ಹೊಳೆಗೆ ಹೋದ.

ಆಶಾ ಕಾರ್ಯಕರ್ತೆ ಮಲ್ಲಿಕಮ್ಮ ಅದೇ ಓಣಿಯವಳು. ಅವಳನ್ನು ಕೇಳಿದರೆ ಸೊಸೆಯ ರೋಗ ಊರಿಗೆಲ್ಲ ಗೊತ್ತಾದೀತೆಂದು ಸಾಯಬಮ್ಮನಿಗೆ ನಾಚಿಕೆ. ಹೆರಿಗೆಗೆ ಹೋದಾಗಲೂ, "ದವಾಖಾನ್ಯಾಗ ಫಿಟ್ಸಿನ ಮಾತು ತಗೀಬ್ಯಾಡ" ಎಂದು ಸೊಸೆಯ ಬಾಯಿ ಮುಚ್ಚಿಸಿದ್ದಳು.

ಸರಿತಾ ಹಾಲು ಬಿಡಲಿಲ್ಲ, ಗುಳಿಗೆ ಬಿಟ್ಟಳು. ಮನೆಯವರಿಗೆಲ್ಲ ಸಮಾಧಾನವಾಯಿತು.

ಆರನೇ ದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದಾಗ ಫಿಟ್ಸ್ ಬಂತು. ಕಾದ ಹಂಚಿನ ಮೇಲೆ ಬಲಗೈ ಊರಿ ಬಿದ್ದಳು. ಸಾಯಬಮ್ಮ ಹಿತ್ತಲಿಂದ ಓಡಿ ಬಂದು ಎಳೆಯುವಷ್ಟರಲ್ಲಿ ಅಂಗೈ ತೊಗಲು ಹಂಚಿಗೆ ಅಂಟಿತ್ತು. ಪುಣ್ಯಕ್ಕೆ ಕೂಸು ತೊಟ್ಟಿಲಲ್ಲಿತ್ತು.

ಚೀರಾಟ ಕೇಳಿ ಬಂದ ಮಲ್ಲಿಕಮ್ಮ ಅವಳನ್ನು ಯಾದಗಿರಿಯ ಆಸ್ಪತ್ರೆಗೆ ಸೇರಿಸಿದಳು.

"ಗುಳಿಗಿ ಯಾಕ ಬಿಟ್ಟಿ?" ವೈದ್ಯೆ ಕೇಳಿದರು.

"ಹಾಲು ಕುಡಸಾಕ್ರಿ."

ವೈದ್ಯೆ ಗುಳಿಗೆಯ ಹಳೆಯ ಚೀಟಿ ನೋಡಿದರು. "ಈ ಗುಳಿಗಿ ತಗೊಂತನೇ ಕುಡಸಬಹುದಿತ್ತಲ್ಲವ್ವಾ."

ಸಾಯಬಮ್ಮನಿಗೆ ನಂಬಿಕೆ ಬರಲಿಲ್ಲ. "ಹಾಲಿನ್ಯಾಗ ಗುಳಿಗಿ ಬರಂಗಿಲ್ಲೇನ್ರಿ?"

"ಸ್ವಲ್ಪ ಬರ್ತದ. ಫಿಟ್ಸಿನ ಬಹಳಷ್ಟು ನಮೂನಿ ಗುಳಿಗಿಯಿಂದ ಕೂಸಿಗಿ ತೊಂದ್ರಿ ಆಗಂಗಿಲ್ಲ. ಕೂಸು ಬಾಳ ಮಂಪರಿನ್ಯಾಗಿದ್ರ, ಹಾಲು ಚೀಪದಿದ್ರ, ತೂಕ ಏರದಿದ್ರ ಕರಕೊಂಡು ಬರ್ರಿ. ಬೇಕಾದ್ರ ನಾವು ಗುಳಿಗಿ ಬದಲಿ ಮಾಡ್ತೀವಿ. ನೀವಾಗೇ ಬಿಡಬ್ಯಾಡ್ರಿ."

"ನನಗರ ಒಂದು ಮಾತು ಕೇಳಬಾರದೇನು, ಸಾಯಬಮ್ಮವ್ವ?" ಎಂದಳು ಮಲ್ಲಿಕಮ್ಮ.

"ನಾಚಿಕಿ ಆತವ್ವ."

ಕಟ್ಟು ಕಟ್ಟಿದ ಕೈಯನ್ನು ಎದೆ ಮೇಲಿಟ್ಟುಕೊಂಡು ಸರಿತಾ ಹೇಳಿದಳು: "ನಾಚಿಕಿ ನಿಮಗಾತು ಅತ್ತಿ. ಕೈ ನಂದು ಹೋತು."

ಇದಾಗಿ ನಾಲ್ಕು ತಿಂಗಳು. ಅವಳ ಬಲಗೈಯ ಮೂರು ಬೆರಳು ಬಿಚ್ಚುವುದಿಲ್ಲ. ಬಸಲಿಂಗ ಹೊಳೆಗೆ ಹೋಗುವ ಮೊದಲು ಗುಳಿಗೆ ಕೊಟ್ಟು, ನುಂಗಿದ್ದನ್ನು ನೋಡಿ ಹೋಗುತ್ತಾನೆ. ಫಿಟ್ಸ್ ಬಂದರೂ ಕೂಸು ಮೇಲಿಂದ ಬೀಳದಿರಲೆಂದು ಸರಿತಾ ನೆಲದ ಮೇಲೆ, ಗೋಡೆಗೊರಗಿ ಕೂತು ಹಾಲು ಕುಡಿಸುತ್ತಾಳೆ. ಕೂಸಿನ ತಲೆಗೆ ಕೈ ಆಸರೆ ಕೊಡುವವಳು ಸಾಯಬಮ್ಮ. ಕೂಸು ದುಂಡಗಾಗಿದೆ. ಅತ್ತೆ ಸೊಸೆ ನಡುವೆ ಮಾತಿಲ್ಲ.

ತಾಯಂದಿರೇ, ಮನೆಯ ಹಿರಿಯರೇ, ಫಿಟ್ಸ್ ಇರುವುದನ್ನು ಹೆರಿಗೆಗೆ ಮೊದಲೇ ಆಸ್ಪತ್ರೆಯಲ್ಲಿ ಹೇಳಿರಿ. ವೈದ್ಯರನ್ನು ಕೇಳದೆ ಗುಳಿಗೆಯನ್ನೂ ಬಿಡಬೇಡಿ, ಎದೆಹಾಲನ್ನೂ ಬಿಡಿಸಬೇಡಿ. ಬಾಣಂತಿಗೆ ನಿದ್ದೆ ಕೆಡದಂತೆ ನೋಡಿಕೊಳ್ಳಿ, ಕೂಸಿಗೆ ನೀರು ಎರೆಯುವಾಗ ಅವಳೊಬ್ಬಳನ್ನೇ ಬಿಡಬೇಡಿ. ನಿಮ್ಮ ಮನೆಯಲ್ಲೂ ಇಂಥ ಬಾಣಂತಿ ಇದ್ದರೆ ಇಂದೇ ಆಶಾ ಕಾರ್ಯಕರ್ತೆಯನ್ನು ಕರೆದು ಕೇಳಿ. ಸರಿತಾಳ ಮನೆಯವರು ಕೇಳಿದ್ದು ಕೈ ಸುಟ್ಟ ಮೇಲೆ.