ಕೈಸನ್ನೆ

ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ಫೌಲು ತಮ್ಮ ತಂಡದ ಮೇಲೆ ಬಿದ್ದದ್ದೇ ತಡ, ಮೇಷ್ಟ್ರು ಎರಡೂ ಕೈಬೆರಳುಗಳನ್ನು ಉಂಗುರ ಮಾಡಿ ಕಣ್ಣಿಗಿಟ್ಟುಕೊಂಡು ರೆಫ್ರಿಯತ್ತ ಇಣುಕಿದರು. ಕನ್ನಡಕ ಹಾಕ್ಕೊಳ್ಳೋ ಕುರುಡ ಅಂತ ಅದರರ್ಥ. ಗ್ಯಾಲರಿ ಗೊಳ್ಳೆಂದು ನಕ್ಕಿತು. ರೆಫ್ರಿ ಕಂಡ, ಕಂಡೂ ಕಾಣದವನಂತೆ ಬೆನ್ನು ತಿರುಗಿಸಿ ಓಡಿದ.

ಸನ್ನೆಯಲ್ಲಿ ಹೀಯಾಳಿಸಿದ ಕೋಚ್‌ಗೆ ಟೆಕ್ನಿಕಲ್ ಫೌಲ್, ಎದುರು ತಂಡಕ್ಕೆ ಒಂದು ಫ್ರೀ ಥ್ರೋ. ನಿಯಮ ರೆಫ್ರಿಗೆ ಬಾಯಿಪಾಠ. ಬಾಯಿಪಾಠ ಮಾಡಿಸಿದವರೇ ಈ ಮೇಷ್ಟ್ರು! ಅವನಿಗೆ ಮೊದಲ ಶೂ ಕೊಡಿಸಿದವರು, ಮೊದಲ ಸೀಟಿ ಕೊರಳಿಗೆ ಹಾಕಿದವರು. ಅಂಥವರ ಮೇಲೆ ಕೈ ಎತ್ತುವುದುಂಟೆ?

ಹುಡುಗಿಯರ ಫೈನಲ್, ಕೊನೆಯ ನಿಮಿಷ, ಅಂಕ ಸಮಸಮ. ಮೇಷ್ಟ್ರ ಹುಡುಗಿಯೊಬ್ಬಳು ಎದುರಾಳಿಯ ಕೈಗೆ ಹೊಡೆದೇ ಚೆಂಡು ಕಸಿದಳು. ಸೀಟಿ ರೆಫ್ರಿಯ ತುಟಿಯಲ್ಲೇ ಉಳಿಯಿತು. ಎದುರು ತಂಡದ ಕೋಚ್, ಮಾಸಿದ ಟ್ರ್ಯಾಕ್ ಸೂಟಿನ ಟೀಚರಮ್ಮ, ತುಟಿ ಪಿಟಕ್ಕೆನ್ನಲಿಲ್ಲ. ಇದೇನು ಎಂಬಂತೆ ಅಂಗೈ ಬಿಡಿಸಿ ಅವನತ್ತ ಹಿಡಿದರು, ಅಷ್ಟೇ.

ಗ್ಯಾಲರಿಯ ನಗು ಇನ್ನೂ ಅವನ ಕಿವಿಯಲ್ಲಿತ್ತು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರಲ್ಲ, ಹಾಗಾಯಿತು. ಜೋರಾಗಿ ಸೀಟಿ ಊದಿ, ಟೀಚರಮ್ಮನಿಗೆ ಟೆಕ್ನಿಕಲ್ ಫೌಲ್ ಕೊಟ್ಟ.

"ನನಗಾ ಸಾರ್?"

"ಕೂತ್ಕೊಳ್ಳಿ ಮೇಡಮ್!"

ಫ್ರೀ ಥ್ರೋ ಬಲೆಗೆ ಬಿತ್ತು. ಆ ಒಂದೇ ಅಂಕದಲ್ಲಿ ಮೇಷ್ಟ್ರ ತಂಡ ಗೆದ್ದಿತು.

ಆಟ ಮುಗಿದ ಮೇಲೆ ಟೀಚರಮ್ಮ ಅವನ ಬಳಿ ಬಂದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವರು ಕೈ ಕುಲುಕಿದರು.

"ನನ್ನ ಕೈ ಕಾಣಿಸ್ತು ನಿಮಗೆ. ಆ ಕೋಚ್ ಕೈನೂ ಕಾಣಿಸ್ತು. ನೀವು ನೋಡಿದ್ದನ್ನ ನಾನು ನೋಡ್ದೆ ಸಾರ್."

ಭೂಮಿ ಬಾಯಿಬಿಟ್ಟಿದ್ದರೆ ಇಳಿದುಬಿಡುತ್ತಿದ್ದ. ಬಾಯಿಗೆ ಬಂದದ್ದು ಮಾತ್ರ, "ನಿಯಮ ಅಲ್ವಾ ಮೇಡಮ್..."

"ಹೂಂ. ಹುಡುಗೀರು ಅಳ್ತಿದಾರೆ. ನನ್ನ ತಪ್ಪಿಂದ ಸೋತ್ವಿ ಅಂತಾನೇ ಹೇಳ್ತೀನಿ, ಬಿಡಿ."

ಅವರು ಅತ್ತ ಹೋಗುತ್ತಲೇ ಮೇಷ್ಟ್ರು ಬಂದು ಬೆನ್ನು ತಟ್ಟಿದರು. "ಭೇಷ್ ಕಣೋ! ನನ್ನ ಮರ್ಯಾದೆ ಉಳಿಸ್ದೆ. ಬಾ, ಕಾರಲ್ಲಿ ಮನೆಗೆ ಬಿಡ್ತೀನಿ."

ತಟ್ಟಿದ ಜಾಗ ಉರಿಯಿತು. ನಾಚಿಕೆಗೆಟ್ಟವನು ನಾನು ಎಂದುಕೊಳ್ಳುತ್ತಲೇ ಕಾರು ಹತ್ತಿದ.

ಗೇಟಿನಾಚೆ ಆ ಹುಡುಗಿಯರು ಬಸ್ಸಿಗೆ ಕಾಯುತ್ತಿದ್ದರು. ನಡುವೆ ನಿಂತು ಟೀಚರಮ್ಮ ಏನೋ ಹೇಳುತ್ತಿದ್ದರು. ಒಬ್ಬಳು ಅವರಿಂದ ಮುಖ ತಿರುಗಿಸಿಕೊಂಡಳು.

ಗೇಟು ದಾಟುವಾಗ ಕಾರು ನಿಧಾನಿಸಿತು. ರೆಫ್ರಿ ತಟಕ್ಕನೆ ಬಗ್ಗಿ, ಬಿಗಿಯಾಗಿಯೇ ಇದ್ದ ಶೂ ಲೇಸನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದ.